ಸಾಯರ್ ಸ್ಕ್ವೀಝ್: ಫಿಲ್ಟರ್ ಉಳಿಸಿಕೊಳ್ಳಿ, ಚೀಲ ಬದಲಿಸಿ

ಚಾರಣಿಗರ ಬೆನ್ನುಚೀಲಗಳಲ್ಲಿ ಅತಿ ಹೆಚ್ಚು ಕಾಣಸಿಗುವ ನೀರಿನ ಫಿಲ್ಟರ್‌ಗಳಲ್ಲಿ ಸಾಯರ್ ಸ್ಕ್ವೀಝ್ ಒಂದು. ಚೀಲಕ್ಕೆ ಹೊಳೆ ನೀರು ತುಂಬಿ, ಅದರ ಕತ್ತಿಗೆ ಫಿಲ್ಟರ್‌ನ ಒಳಬಾಯಿಯನ್ನು ತಿರುಗಿಸಿ ಕೂರಿಸಿ, ಚೀಲ ಹಿಂಡಿದರೆ ಹೊರಬಾಯಿಯಿಂದ ಸೋಸಿದ ನೀರು ಬರುತ್ತದೆ. ಅದರ ಮೇಲಿನ ದೂರುಗಳೂ ಕಡಿಮೆಯಿಲ್ಲ: ನೀರು ಬರುವುದಿಲ್ಲ, ಚೀಲ ಒಡೆಯಿತು, ಸೋಸಿ ಕುಡಿದರೂ ಹೊಟ್ಟೆ ಕೆಟ್ಟಿತು. ಈ ದೂರುಗಳಲ್ಲಿ ಸೋಸುವ ಭಾಗದ ಮೇಲೆ ನಿಜವಾಗಿ ಹೊರಿಸಬಹುದಾದವು ಕಡಿಮೆ. ಚೀಲ, ವಾಷರ್, ಸಿರಿಂಜ್, ಚಳಿ ಇವುಗಳ ಲೆಕ್ಕಕ್ಕೆ ಸೇರುವವೇ ಹೆಚ್ಚು. ಆದ್ದರಿಂದ ಈ ವಿಮರ್ಶೆಯಲ್ಲಿ ಫಿಲ್ಟರ್‌ಗಿಂತ ಅದರ ಸುತ್ತಲಿನ ಸಾಮಾನಿಗೇ ಜಾಗ ಜಾಸ್ತಿ.

ಮೊದಲು ಒಳಗೇನಿದೆ ನೋಡೋಣ. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಕೊಳವೆ, ತೂಕ ಸುಮಾರು 85 ಗ್ರಾಂ. ಒಳಗೆ ಇಂಗ್ಲಿಷಿನ ‘ಯು’ ಆಕಾರದಲ್ಲಿ ಬಾಗಿದ ಟೊಳ್ಳು ಎಳೆಗಳ ಕಂತೆ. ಡಯಾಲಿಸಿಸ್ ಯಂತ್ರದಲ್ಲಿರುವುದೂ ಇದೇ ಜಾತಿಯ ಎಳೆ. ನೀರು ಎಳೆಯ ಗೋಡೆಯ ಸೂಕ್ಷ್ಮ ರಂಧ್ರಗಳನ್ನು ದಾಟಿ ಟೊಳ್ಳಿನೊಳಗೆ ಬರುತ್ತದೆ, ಕೊಳೆ ಹೊರಗೇ ಉಳಿಯುತ್ತದೆ. ರಂಧ್ರದ ಗರಿಷ್ಠ ಗಾತ್ರ 0.1 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಹೊಟ್ಟೆ ಕೆಡಿಸುವ ಪರೋಪಜೀವಿಗಳಲ್ಲಿ ಜಿಯಾರ್ಡಿಯಾದ ಕೋಶ 8 ಮೈಕ್ರಾನ್‌ನಿಂದ ಮೇಲೆ, ಕ್ರಿಪ್ಟೊಸ್ಪೊರಿಡಿಯಂ 4ರಿಂದ 6, ಇ-ಕೋಲಿ ಬ್ಯಾಕ್ಟೀರಿಯಾದ ಅಗಲ ಅರ್ಧ ಮೈಕ್ರಾನ್ ಆಸುಪಾಸು. ಇವು ಯಾವುವೂ ನುಸುಳಲಾರವು. ಇದ್ದಿಲು, ಅಯೋಡಿನ್ ಏನೂ ಒಳಗಿಲ್ಲ. ಹಾಗಾಗಿ ‘ತೀರಿಹೋಗುವ’ ವಸ್ತುವೂ ಇಲ್ಲ.

ವೈರಸ್ ಮಾತ್ರ ನುಸುಳುತ್ತದೆ. ರೋಟಾ ವೈರಸ್ ಸುಮಾರು 0.07 ಮೈಕ್ರಾನ್, ಹೆಪಟೈಟಿಸ್-ಎ ಅದರ ಅರ್ಧಕ್ಕಿಂತಲೂ ಚಿಕ್ಕದು. ಮೇಲ್ಭಾಗದಲ್ಲಿ ಜನವಸತಿಯಿಲ್ಲದ ಬೆಟ್ಟದ ತೊರೆಗೆ ಇದು ದೊಡ್ಡ ಚಿಂತೆಯಲ್ಲ. ಊರು, ಯಾತ್ರಾಸ್ಥಳ, ಜನ ತುಂಬಿದ ಬಿಡಾರ ಇವುಗಳ ಕೆಳಗೆ ಹರಿದು ಬಂದ ನೀರಿಗೆ ಫಿಲ್ಟರ್ ಒಂದೇ ಸಾಲದು. ಅಂಥಲ್ಲಿ ಮೊದಲು ಸೋಸಿ, ನಂತರ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ಗಂಟೆ, ಬಿಡಬೇಕು. ಕ್ರಮ ತಿರುವುಮುರುವಾಗಬಾರದು. ಬಗ್ಗಡದಲ್ಲಿರುವ ಸಾವಯವ ಕಸ ಔಷಧಿಯ ಬಲವನ್ನೇ ತಿಂದುಹಾಕುತ್ತದೆ. ಜೊತೆಗೆ, ಮಾತ್ರೆಯೊಂದನ್ನೇ ನೆಚ್ಚಿದರೆ ಕ್ರಿಪ್ಟೊಸ್ಪೊರಿಡಿಯಂ ಸಾಯಲು ನಾಲ್ಕು ಗಂಟೆ ಬೇಕು. ಅದನ್ನು ಫಿಲ್ಟರ್ ಮೊದಲೇ ತಡೆದಿದ್ದರೆ ಅರ್ಧ ಗಂಟೆಗೆ ಕೆಲಸ ಮುಗಿಯುತ್ತದೆ. ಒಲೆ ಇದ್ದರೆ ಕುದಿಸುವುದೂ ಆದೀತು: ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ. ಕೀಟನಾಶಕ, ಗಣಿಯ ಲೋಹಾಂಶ, ಉಪ್ಪು ಇವನ್ನು ಈ ಫಿಲ್ಟರೂ ತೆಗೆಯದು, ಕುದಿತವೂ ತೆಗೆಯದು. ಹೊಲಗದ್ದೆಗಳಿಂದ ಬಸಿದು ಬಂದ ನೀರನ್ನು ಬಿಟ್ಟು ಬೇರೆ ಮೂಲ ಹುಡುಕುವುದೇ ದಾರಿ.

ಇನ್ನು ಚೀಲಕ್ಕೆ ಬರೋಣ. ಫಿಲ್ಟರ್ ಜೊತೆ ಸಿಗುವ ಚಪ್ಪಟೆ ಚೀಲಗಳು ತೆಳ್ಳಗೆ, ಹಗುರವಾಗಿವೆ. ಒಡೆಯುವುದು ಹೆಚ್ಚಾಗಿ ಎರಡು ಕಡೆ: ಅಂಚಿನ ಬೆಸುಗೆಯಲ್ಲಿ, ಇಲ್ಲವೇ ಕತ್ತಿನ ಗಟ್ಟಿ ಪ್ಲಾಸ್ಟಿಕ್ ಮೆದು ಹಾಳೆಗೆ ಸೇರುವಲ್ಲಿ. ಕಾರಣ ಬಹುಪಾಲು ಒಂದೇ. ಫಿಲ್ಟರ್ ಕಟ್ಟಿಕೊಂಡಿದೆ, ನೀರು ಇಳಿಯುತ್ತಿಲ್ಲ, ಬಳಸುವವರು ಇನ್ನಷ್ಟು ಜೋರಾಗಿ ಹಿಂಡುತ್ತಾರೆ. ಆ ಒತ್ತಡವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಮೊಣಕಾಲ ಕೆಳಗೆ ಇಟ್ಟು ಒತ್ತುವುದು, ಬಟ್ಟೆ ಹಿಂಡುವಂತೆ ತಿರುಚುವುದು ಎರಡೂ ಚೀಲದ ಆಯುಸ್ಸು ಕಡಿಮೆ ಮಾಡುತ್ತವೆ. ಸರಿಯಾದ ಕ್ರಮ ಹೀಗೆ: ಚೀಲದ ತಳವನ್ನು ಒಂದೆರಡು ಸುತ್ತು ಮಡಚಿ, ಎರಡೂ ಅಂಗೈಗಳ ನಡುವೆ ಸಮನಾಗಿ ಒತ್ತಿ, ಖಾಲಿಯಾದಂತೆಲ್ಲ ಮಡಿಕೆ ಮುಂದುವರಿಸಿ. ಬೆರಳ ತುದಿಯಿಂದ ಒಂದೇ ಜಾಗಕ್ಕೆ ಒತ್ತಬೇಡಿ.

ಎರಡನೆಯ ತೊಂದರೆ ತುಂಬಿಸುವುದು. ಕಿರಿದಾದ ಬಾಯಿಯ ಚಪ್ಪಟೆ ಚೀಲವನ್ನು ನಿಂತ ನೀರಿನಲ್ಲಿ ಅದ್ದಿದರೆ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒಳಗೆ ಒಂದು ಗುಟುಕೂ ಹೋಗುವುದಿಲ್ಲ. ಬಾಟಲಿಯೊಂದರ ತಳಭಾಗ ಕತ್ತರಿಸಿ ಮಾಡಿದ ಮೊಗೆಯೊಂದನ್ನು ಜೊತೆಗಿಟ್ಟುಕೊಂಡರೆ ಸಾಕು. ಬಂಡೆಯ ಮೇಲೆ ತೆಳ್ಳಗೆ ಹರಿಯುವ ನೀರಿಗೆ ಅಗಲವಾದ ಎಲೆಯನ್ನು ದೋಣಿಯಂತೆ ಬಾಗಿಸಿ, ಮೇಲೊಂದು ಕಲ್ಲು ಹೇರಿದರೆ ನಲ್ಲಿಯ ಹಾಗೆ ಧಾರೆ ಬೀಳುತ್ತದೆ. ಈ ಎರಡೂ ತೊಂದರೆಗೆ ಒಟ್ಟಿಗೆ ಪರಿಹಾರ ಬೇಕಿದ್ದರೆ ಸಿಎನ್‌ಒಸಿ ವೆಕ್ಟೊ ಥರದ ಚೀಲ ಕೊಳ್ಳಿ. ಅದರ ಒಂದು ತುದಿ ಪೂರ್ತಿ ತೆರೆದುಕೊಳ್ಳುತ್ತದೆ, ಜಾರುಪಟ್ಟಿಯಿಂದ ಮುಚ್ಚಿಕೊಳ್ಳುತ್ತದೆ, ಇನ್ನೊಂದು ತುದಿ 28 ಮಿ.ಮೀ. ಥ್ರೆಡ್‌ನದು. ಕಂಪನಿಯ ಚೀಲಕ್ಕಿಂತ ತೂಕ ಹೆಚ್ಚು, ಆದರೆ ಕೊಟ್ಟ ತೂಕಕ್ಕೆ ಮೋಸವಿಲ್ಲ. ಕಂಪನಿಯ ಚೀಲವನ್ನು ಎಸೆಯಬೇಕಿಲ್ಲ, ಮಡಚಿ ಬದಲಿಗೆ ಇಟ್ಟುಕೊಳ್ಳಿ. ಚೀಲ ಯಾವುದೇ ಇರಲಿ, ಬಗ್ಗಡದ ಚೀಲ ಯಾವುದು, ಕುಡಿಯುವ ಬಾಟಲಿ ಯಾವುದು ಎಂಬುದು ಕತ್ತಲಲ್ಲೂ ಗೊತ್ತಾಗುವಂತಿರಬೇಕು. ಕತ್ತಿಗೆ ರಬ್ಬರ್ ಬ್ಯಾಂಡ್ ಸುತ್ತಿ.

ಥ್ರೆಡ್ ವಿಚಾರದಲ್ಲಿ ಒಂದು ಎಚ್ಚರಿಕೆ. ಸೋಡಾ, ತಂಪು ಪಾನೀಯದ ಸಾಮಾನ್ಯ ಬಾಟಲಿಗಳ ಕತ್ತು 28 ಮಿ.ಮೀ., ಅವು ಈ ಫಿಲ್ಟರ್‌ಗೆ ಕೂರುತ್ತವೆ. ಚೀಲ ಒಡೆದಾಗ ಇಂಥ ಬಾಟಲಿಯೇ ಆಪದ್ಬಾಂಧವ. ಆದರೆ ಈಚಿನ ತೀರಾ ತೆಳುವಾದ ನೀರಿನ ಬಾಟಲಿಗಳ ಕತ್ತಿನ ಅಳತೆ ಬೇರೆ. ತಿರುಗಿಸಿದರೆ ಅರ್ಧ ಹಿಡಿದಂತೆ ಮಾಡಿ ಸೋರುತ್ತವೆ. ಹೊರಡುವ ಮೊದಲೇ ಕೂರಿಸಿ, ತಲೆಕೆಳಗು ಮಾಡಿ, ಒತ್ತಿ ನೋಡಿ.

ಸೋರುವುದೆಂದರೆ ಬರೀ ನೀರು ಪೋಲಾಗುವುದಲ್ಲ. ಕತ್ತಿನಿಂದ ಜಿನುಗಿದ ಸೋಸದ ನೀರು ಫಿಲ್ಟರ್‌ನ ಹೊರಮೈಯ ಮೇಲೆ ಇಳಿದು ಕೆಳಗಿನ ಬಾಟಲಿಯ ಬಾಯಿಗೇ ಬೀಳುತ್ತದೆ. ‘ಸೋಸಿದರೂ ಹೊಟ್ಟೆ ಕೆಟ್ಟಿತು’ ಎನ್ನುವವರು ಮೊದಲು ನೋಡಬೇಕಾದ ಜಾಗ ಇದು. ಒಳಬಾಯಿಯಲ್ಲಿ ಕೂತಿರುವ ವಾಷರನ್ನು ಪ್ರತಿ ಸಲ ಕಣ್ಣಾರೆ ನೋಡಿ. ಚೀಲ ಬಿಚ್ಚುವಾಗ ಅದು ಚೀಲದ ಕತ್ತಿಗೆ ಅಂಟಿಕೊಂಡು ಬಂದು, ತೊಳೆಯುವಾಗ ಹೊಳೆ ಪಾಲಾಗುವುದು ಮಾಮೂಲು. ಕೈಯಲ್ಲಿ ಸಾಧ್ಯವಾದಷ್ಟೂ ಬಿಗಿ ಮಾಡಿದರೆ ವಾಷರ್ ಹಿಸುಕಿಹೋಗಿ ಮಡಚಿಕೊಳ್ಳುತ್ತದೆ, ಆಗಲೂ ಸೋರುತ್ತದೆ. ತಾಗಿದ ಮೇಲೆ ಕಾಲು ಸುತ್ತು ಸಾಕು. ಒಂದು ವಾಷರ್ ಹೆಚ್ಚಿಗೆ ಇಟ್ಟುಕೊಂಡರೆ ಯಾರ ಬೆನ್ನೂ ನೋಯುವುದಿಲ್ಲ. ಹಿಂಡುವ ಮೊದಲು ಫಿಲ್ಟರ್‌ನ ಹೊರಮೈಯನ್ನು ಬಟ್ಟೆಯಿಂದ ಒರೆಸುವ ಅಭ್ಯಾಸವಿರಲಿ.

ಹೊಸ ಫಿಲ್ಟರ್‌ನ ಮೊದಲ ಹಿಂಡುವಿಕೆ ನಿರಾಶೆ ತರುವುದುಂಟು: ಒಣ ಎಳೆಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಹೊರಬಾಯಿಯನ್ನು ಮೇಲ್ಮುಖವಾಗಿ ಹಿಡಿದು, ಚೀಲವನ್ನು ಕೆಳಗಿನಿಂದ ಮೆಲ್ಲಗೆ ಒತ್ತಿದರೆ ಗಾಳಿ ಮೇಲೆದ್ದು ಹೋಗುತ್ತದೆ, ಎಳೆಗಳು ಪೂರ್ತಿ ನೆನೆಯುತ್ತವೆ. ಆಮೇಲೆ ಒಂದು ಲೀಟರಿಗೆ ಒಂದೆರಡು ನಿಮಿಷ. ಫಿಲ್ಟರ್ ಮತ್ತು ಬಾಟಲಿಯನ್ನು ಜೋಡಿಸುವ ಕಪ್ಲಿಂಗ್ ಬಳಸುವವರು ಅದನ್ನು ಅರ್ಧ ಸುತ್ತು ಸಡಿಲ ಬಿಡಬೇಕು. ಬಾಟಲಿಯೊಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಅದೇ ಎದುರು ಒತ್ತಿ ನೀರನ್ನು ನಿಲ್ಲಿಸುತ್ತದೆ, ಫಿಲ್ಟರ್ ಕಟ್ಟಿದೆಯೆಂಬ ತಪ್ಪು ತಿಳಿವಳಿಕೆ ಹುಟ್ಟುತ್ತದೆ.

ನಿಜವಾಗಿ ಕಟ್ಟಿಕೊಳ್ಳುವುದು ಹೂಳಿನಿಂದ. ರಾಡಿ ನೀರನ್ನು ಎಂದೂ ನೇರವಾಗಿ ಹಾಕಬಾರದು. ಪಾತ್ರೆಯಲ್ಲೋ ಹೆಚ್ಚುವರಿ ಚೀಲದಲ್ಲೋ ಅರ್ಧ ಗಂಟೆ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಬಟ್ಟೆಯ ಮೂಲಕ ಬಗ್ಗಿಸಿಕೊಳ್ಳಿ. ಮರಳು ಬೇಗ ತಳಕ್ಕಿಳಿಯುತ್ತದೆ, ಜೇಡಿ ಇಳಿಯುವುದಿಲ್ಲ. ಹಿಮನದಿಯ ಕೆಳಗಿನ ಹಾಲುಬಣ್ಣದ ನೀರೂ ಅಷ್ಟೇ, ಅದರಲ್ಲಿ ತೇಲುವುದು ಬಂಡೆ ಅರೆದ ಹಿಟ್ಟು. ಇಂಥ ನೀರಿಗೆ ಪಟಿಕದ ಪುಡಿ ಕೆಲಸ ಮಾಡುತ್ತದೆ: ನಾಲ್ಕು ಲೀಟರಿಗೆ ಚಹಾ ಚಮಚದ ಎಂಟನೇ ಒಂದು ಭಾಗ ಹಾಕಿ, ಐದು ನಿಮಿಷ ಮೆಲ್ಲಗೆ ಕಲಕಿ, ಬಿಟ್ಟುಬಿಡಿ. ಕಣಗಳು ಕೂಡಿ ಗಂಟುಗಂಟಾಗಿ ತಳ ಸೇರುತ್ತವೆ. ತಳದ ಗಷ್ಟು ಮಾತ್ರ ಚೀಲಕ್ಕೆ ಬೀಳದಂತೆ ನೋಡಿಕೊಳ್ಳಿ.

ಎಷ್ಟೇ ಜಾಗ್ರತೆ ವಹಿಸಿದರೂ ಉಲ್ಟಾ ತೊಳೆಯುವುದು, ಅಂದರೆ ಬ್ಯಾಕ್‌ಫ್ಲಶ್, ತಪ್ಪುವುದಿಲ್ಲ. ಇದಕ್ಕೆ ಸೋಸಿದ ನೀರೇ ಆಗಬೇಕು. ಹೊಳೆ ನೀರನ್ನು ಹೊರಬಾಯಿಯಿಂದ ತಳ್ಳಿದರೆ ಶುದ್ಧವಾಗಿರಬೇಕಾದ ಭಾಗವನ್ನೇ ಕೈಯಾರೆ ಕೆಡಿಸಿದಂತೆ. ಸಿರಿಂಜನ್ನು ತುಂಬಿ, ಹೊರಬಾಯಿಗೆ ಬಿಗಿಯಾಗಿ ಒತ್ತಿಹಿಡಿದು, ಬಲವಾಗಿ ನೂಕಿ. ಮೆಲ್ಲಗೆ ನೂಕಿದರೆ ನೀರು ಸುಲಭವಾದ ದಾರಿ ಹಿಡಿದು, ಕಟ್ಟಿಕೊಂಡಿಲ್ಲದ ಎಳೆಗಳಿಂದಲೇ ಹೊರಟುಹೋಗುತ್ತದೆ. ಕಟ್ಟಿದವು ಹಾಗೇ ಉಳಿಯುತ್ತವೆ. ನಡುನಡುವೆ ಫಿಲ್ಟರ್‌ನ ಪಕ್ಕವನ್ನು ಅಂಗೈಗೆ ತಟ್ಟಿ. ಒಳಬಾಯಿಯಿಂದ ಬರುವ ನೀರು ಕಂದು ಬಣ್ಣ ಕಳೆದುಕೊಳ್ಳುವವರೆಗೆ ಮಾಡಿ, ಒಂದು ಲೀಟರ್ ಖರ್ಚಾದರೂ ಚಿಂತೆಯಿಲ್ಲ. ತಿಳಿನೀರಿನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಬಗ್ಗಡದಲ್ಲಿ ಪ್ರತಿ ಸಂಜೆ. ಪೂರ್ತಿ ಕಟ್ಟಿದ ಮೇಲೆ ಮಾಡಹೊರಟರೆ ತೊಳೆಯಲು ಬೇಕಾದ ಸೋಸಿದ ನೀರೇ ಇರುವುದಿಲ್ಲವೆಂಬುದು ನೆನಪಿರಲಿ. ಸಿರಿಂಜ್ ಹೊರೆಯೆನಿಸಿದರೆ ಎಳೆದು ತೆರೆಯುವ ಮುಚ್ಚಳದ ಬಾಟಲಿಯೂ ನಡೆಯುತ್ತದೆ: ಅದರ ಮೂತಿಯನ್ನು ಹೊರಬಾಯಿಗೆ ಒತ್ತಿ ಬಾಟಲಿ ಹಿಂಡಬೇಕು. ಸಿರಿಂಜಿನಷ್ಟು ಒತ್ತಡ ಬರುವುದಿಲ್ಲ, ದಾರಿಯಲ್ಲಿ ಸಾಕಾಗುತ್ತದೆ.

ತೊಳೆದರೂ ಹರಿವು ಬರದಿದ್ದರೆ, ಅದರಲ್ಲೂ ಗಡಸು ನೀರಿನ ಪ್ರದೇಶದಲ್ಲಿ ಬಳಸಿದ್ದರೆ, ಎಳೆಗಳ ಮೇಲೆ ಸುಣ್ಣದ ಪದರ ಕೂತಿರುತ್ತದೆ. ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಮತ್ತೆ ಉಲ್ಟಾ ತೊಳೆಯಿರಿ. ಕಪಾಟಿನಲ್ಲಿ ತಿಂಗಳುಗಟ್ಟಲೆ ಒಣಗಿ ಗಟ್ಟಿಯಾದದ್ದಕ್ಕೆ ಕೈ ತಾಳುವಷ್ಟು ಬಿಸಿಯ ನೀರು ಸಾಕು. ಕುದಿಯುವ ನೀರು ಬೇಡ.

ಚಳಿಯ ಮಾತು ಬೇರೆ. ಇಲ್ಲಿ ರಿಪೇರಿ ಎಂಬುದೇ ಇಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಒಮ್ಮೆ ನೆನೆದ ಫಿಲ್ಟರ್‌ನ ಎಳೆಗಳಲ್ಲಿ ನೀರು ಉಳಿದೇ ಇರುತ್ತದೆ, ಎಷ್ಟು ಒದರಿದರೂ ಪೂರ್ತಿ ಹೋಗದು. ಅದು ಹೆಪ್ಪುಗಟ್ಟಿದರೆ ಎಳೆ ಸೀಳುತ್ತದೆ. ಸೀಳು ಕಣ್ಣಿಗೆ ಕಾಣುವುದಿಲ್ಲ, ನೀರು ಮೊದಲಿನಂತೆ ತಿಳಿಯಾಗಿಯೇ ಬರುತ್ತದೆ. ಹರಿವು ಇದ್ದಕ್ಕಿದ್ದಂತೆ ಸುಧಾರಿಸಿದರೆ ಖುಷಿಪಡುವ ಬದಲು ಅನುಮಾನ ಪಡಿ. ಹಗಲು ಅಂಗಿಯ ಒಳಜೇಬು, ರಾತ್ರಿ ಜಿಪ್ ಚೀಲದಲ್ಲಿ ಹಾಕಿ ಸ್ಲೀಪಿಂಗ್ ಬ್ಯಾಗಿನೊಳಗೆ. ಹೆಪ್ಪುಗಟ್ಟಿತೆಂಬ ಸಂಶಯ ಬಂದರೂ ಬಿಸಾಡುವುದೇ ಸರಿ. ಗಟ್ಟಿ ಬಂಡೆಯ ಮೇಲೆ ಜೋರಾಗಿ ಬಿದ್ದದ್ದಕ್ಕೂ ಇದೇ ನಿಯಮ.

ಗುಂಪಿನಲ್ಲಿದ್ದಾಗ ಹಿಂಡುವ ಗೋಜೇ ಬೇಡ. ಚೀಲವನ್ನು ಕೊಂಬೆಗೆ ತೂಗುಹಾಕಿ, ಫಿಲ್ಟರ್‌ನ ಕೆಳಗೆ ಒಂದು ಮೀಟರ್ ಉದ್ದದ ಪೈಪ್ ಇಳಿಬಿಡಿ. ಹರಿವನ್ನು ನಿರ್ಧರಿಸುವುದು ಚೀಲದ ನೀರಿನ ಮಟ್ಟದಿಂದ ಪೈಪಿನ ತುದಿಯವರೆಗಿನ ಒಟ್ಟು ಎತ್ತರ. ಪೈಪಿನಲ್ಲಿ ಗಾಳಿ ತುಂಬಿದ್ದರೆ ಆ ಲಾಭ ಸಿಗುವುದಿಲ್ಲ, ಮೊದಲು ಒಮ್ಮೆ ಒತ್ತಿ ಪೈಪ್ ತುಂಬಿಸಿ.

ಇದೇ ಕಂಪನಿಯ ಮಿನಿ ಇನ್ನೂ ಹಗುರ, ಆದರೆ ಹರಿವು ನಿಧಾನ, ಕಟ್ಟಿಕೊಳ್ಳುವುದೂ ಬೇಗ. ಉಳಿಯುವ ಕೆಲವು ಗ್ರಾಂಗಳಿಗಾಗಿ ದಿನವೂ ಪಡುವ ಪಾಡು ಹೆಚ್ಚಾಯಿತು. ಮಿನಿಗೆ ಹೇಳುವ 1 ಲಕ್ಷ ಗ್ಯಾಲನ್ ಆಯುಸ್ಸನ್ನು ಲೆಕ್ಕ ಹಾಕಿದರೆ ದಿನಕ್ಕೆ ಮೂರು ಲೀಟರಿನಂತೆ 345 ವರ್ಷವಾಗುತ್ತದೆ! ಕೊಳ್ಳುವಾಗ ಆ ಅಂಕಿಯನ್ನು ಬದಿಗಿಡಿ. ಕಟಡಿನ್ ಬಿಫ್ರೀ ಹೊಸದರಲ್ಲಿ ಸ್ಕ್ವೀಝ್‌ಗಿಂತ ಸರಾಗ, ತೊಳೆಯಲು ಸಿರಿಂಜ್ ಬೇಡ, ನೀರಿನಲ್ಲಿ ಕುಲುಕಿದರಾಯಿತು. ಆದರೆ ಬಗ್ಗಡದಲ್ಲಿ ಒಮ್ಮೆ ಸೊರಗಿದರೆ ಒಳಗಿನಿಂದ ತಳ್ಳಿ ತೊಳೆಯುವ ಉಪಾಯವಿಲ್ಲ, ಅದರ 42 ಮಿ.ಮೀ. ಕತ್ತಿಗೆ ಸಾಮಾನ್ಯ ಬಾಟಲಿಯೂ ಕೂರುವುದಿಲ್ಲ. ವೈರಸ್ಸನ್ನೂ ತಡೆಯಬೇಕೆಂದರೆ ಎಂಎಸ್‌ಆರ್ ಗಾರ್ಡಿಯನ್ ಪಂಪ್ ಇದೆ, ಆದರೆ ತೂಕ 490 ಗ್ರಾಂ. ಒಬ್ಬರೇ ಹೋಗುವವರಿಗೆ ಸ್ಕ್ವೀಝ್ ಮತ್ತು ಒಂದು ಹಾಳೆ ಮಾತ್ರೆಯೇ ಜಾಣತನ.

ಮನೆಗೆ ಬಂದ ಮೇಲೆ ಉಲ್ಟಾ ತೊಳೆದು, ಸುವಾಸನೆ ಬೆರೆಸದ ಬ್ಲೀಚಿನ ಕೆಲವು ಹನಿ ಹಾಕಿದ ನೀರನ್ನು ಒಮ್ಮೆ ಹಾಯಿಸಿ, ಎರಡೂ ಬಾಯಿ ತೆರೆದಿಟ್ಟು ನೆರಳಲ್ಲಿ ಒಣಗಿಸಿ. ಒದ್ದೆಯಾಗಿ ಮುಚ್ಚಿಟ್ಟದ್ದು ಮುಗ್ಗಲು ಹಿಡಿಯುತ್ತದೆ. ಬಳಸಿದ ಫಿಲ್ಟರನ್ನು ಬೇರೆಯವರಿಂದ ಕೊಳ್ಳಲೂ ಬೇಡಿ, ಬೇರೆಯವರಿಗೆ ಮಾರಲೂ ಬೇಡಿ. ಯಾವ ರಾತ್ರಿ ಯಾವ ಟೆಂಟಿನ ಹೊರಗೆ ಅದು ಹೆಪ್ಪುಗಟ್ಟಿತ್ತೋ ನೋಡಿ ಹೇಳಲು ಬರುವುದಿಲ್ಲ.