ಮಗಳಿಗೆ ಊರ ಶಾಲೆ, ಮಗನಿಗೆ ವ್ಯಾನು

ನಮ್ಮ ಮನೆ ಉಡುಪಿ ಜಿಲ್ಲೆಯ ಬ್ರಹ್ಮಾವರದಿಂದ ಸಾಕಷ್ಟು ಒಳಗೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಮಗ 11 ಕಿ.ಮೀ. ದೂರದ ಖಾಸಗಿ ಇಂಗ್ಲಿಷ್ ಮೀಡಿಯಂನಲ್ಲಿ ಮೂರನೇ ಕ್ಲಾಸು. ಹೋಲಿಸಿ ನೋಡಬೇಕು ಅಂತ ಮಾಡಿದ್ದಲ್ಲ. ಅವನನ್ನು ಸೇರಿಸುವ ವರ್ಷ ಊರ ಶಾಲೆಯ ಒಂದನೇ ಕ್ಲಾಸಿಗೆ ಬಂದದ್ದು ನಾಲ್ಕೇ ಮಕ್ಕಳು. ಹೆದರಿಕೆಯಾಯಿತು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಯ ಪುಕ್ಕಟೆ ಸೀಟು ಕೇಳೋಣ ಅಂದರೆ, 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಶಾಲೆಯಿದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ.

ಮಗನಿಗೆ ವರ್ಷಕ್ಕೆ ಫೀಸು 28,000. ವ್ಯಾನಿಗೆ 13,000. ಪುಸ್ತಕ, ಯೂನಿಫಾರ್ಮು, ಬೂಟು ಅಂತ 7,000. ಮಗಳಿಗೆ ಇದೆಲ್ಲ ಸರ್ಕಾರದ್ದೇ, ನೋಟ್‌ಬುಕ್ ಊರಿನ ದಾನಿಗಳದ್ದು. ಹಾಗಂತ ಪೂರ್ತಿ ಪುಕ್ಕಟೆ ಅಲ್ಲ. ಇಂಗ್ಲಿಷ್ ಟ್ಯೂಷನ್ನಿಗೆ ತಿಂಗಳಿಗೆ 500 ಕೊಡುತ್ತೇನೆ.

ಊಟದಲ್ಲಿ ಮಾತೇ ಇಲ್ಲ. ಅವಳಿಗೆ ಬಿಸಿಯೂಟ, ಹಾಲು. 2024ರಿಂದ ವಾರಕ್ಕೆ 6 ದಿನ ಮೊಟ್ಟೆ. ಇವನ ಡಬ್ಬಿಯಲ್ಲಿ ಸಂಜೆ ಅರ್ಧ ಇಡ್ಲಿ ವಾಪಸ್. "ಅಕ್ಕನಿಗೆ ಮಾತ್ರ ಯಾಕೆ ಮೊಟ್ಟೆ?" ಅಂತ ಜಗಳ ಬೇರೆ.

ಕಲಿಕೆ ಅಷ್ಟು ಸುಲಭದ ಲೆಕ್ಕವಲ್ಲ. ಮಗ ಇಂಗ್ಲಿಷ್ ಪದ್ಯ ಪಟಪಟ ಹೇಳುತ್ತಾನೆ, 15ರ ಮಗ್ಗಿಯೂ ಬರುತ್ತದೆ. ಡೇರಿಯ ಹಾಲಿನ ಪುಸ್ತಕ ಕೊಟ್ಟು, "ಬೆಳಿಗ್ಗೆ 4 ಲೀಟರು, ಸಂಜೆ 3, ವಾರಕ್ಕೆಷ್ಟು?" ಅಂದರೆ ನನ್ನ ಮುಖ ನೋಡುತ್ತಾನೆ. ಮಗಳು ಇದೇ ವಯಸ್ಸಿನಲ್ಲಿ ಸರ್ಕಾರಿ ಶಾಲೆಯ ಆಡುತ್ತಾ ಕಲಿಯುವ ಪದ್ಧತಿಯಾದ ನಲಿ-ಕಲಿಯ ಕಾರ್ಡು ಜೋಡಿಸುತ್ತಾ ಕಲಿತವಳು, ಬೆರಳು ಮಡಚಿ ಹೇಳಿಬಿಡುತ್ತಿದ್ದಳು. ಆದರೆ ಹೋದ ವರ್ಷ ಅವಳಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಗಣಿತದ ಟೀಚರೇ ಇರಲಿಲ್ಲ. ಅತಿಥಿ ಶಿಕ್ಷಕಿ ಬರುವಷ್ಟರಲ್ಲಿ ಭಿನ್ನರಾಶಿ ಅಲ್ಲೇ ಬಾಕಿ. ನನಗೆ ಅದೇ ಸಿಟ್ಟು.

ಇವನ ಶಾಲೆಯಲ್ಲಿ ಟೀಚರಿಗೆ ಕೊರತೆಯಿಲ್ಲ, ಆದರೆ ಎರಡು ವರ್ಷದಲ್ಲಿ ಮೂವರು ಬದಲಾದರು. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ, "ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿಸಿ" ಅಂತ ಬರೆದು ಕಳಿಸಿದ್ದರು. ನಮ್ಮ ಅತ್ತೆಯದ್ದು ಶುದ್ಧ ಕುಂದಾಪ್ರ ಕನ್ನಡ. "ಮಾಣಿ, ಉಂಡ್ಯಾ?" ಅನ್ನುವುದನ್ನು ಇಂಗ್ಲಿಷಿಗೆ ಯಾರು ಮಾಡುವುದು!

ಮಳೆಗಾಲದಲ್ಲಿ ವ್ಯಾನು 7:10ಕ್ಕೇ ಬರುತ್ತದೆ. ಮಗ ನಿದ್ದೆಗಣ್ಣಲ್ಲೇ ಹತ್ತುತ್ತಾನೆ. ಮಗಳು ಒಂಬತ್ತಕ್ಕೆ ಕೊಡೆ ಹಿಡಿದು ಹೊರಟರೆ ಸಾಕು, ತೋಡು, ಅಂದರೆ ಸಣ್ಣ ಹಳ್ಳ, ತುಂಬಿದ ದಿನ ಮಾತ್ರ ಅದನ್ನು ದಾಟುವ ಕಾಲುಸಂಕದವರೆಗೆ ನಾನೂ ಹೋಗಬೇಕು.

ಐದನೇ ಕ್ಲಾಸಿನವರೆಗೆ ಊರ ಶಾಲೆಯೇ ಮೇಲು, ನನಗಂತೂ ಈಗ ಅನುಮಾನವಿಲ್ಲ. ಆಮೇಲಿನದು ಟೀಚರ್ ಇದ್ದಾರೋ ಇಲ್ಲವೋ ಎಂಬುದರ ಮೇಲೆ. ಮುಂದಿನ ಜೂನ್‌ಗೆ ಮಗನನ್ನು ಇಲ್ಲಿಗೇ ಸೇರಿಸುವುದೆಂದು ಹೆಡ್ ಮಾಷ್ಟ್ರ ಹತ್ತಿರ ಮಾತಾಡಿ ಬಂದಿದ್ದೇನೆ. ವ್ಯಾನಿನವರಿಗೆ ಇನ್ನೂ ಹೇಳಿಲ್ಲ.