ನವೋದಯ ಕೋಚಿಂಗ್, ಭಾನುವಾರದ ಬ್ಯಾಚ್: ಐದರಲ್ಲಿ ಎರಡು ಸ್ಟಾರ್

ಸೆಂಟರ್‌ನ ಹೆಸರು ಬರೆಯುವುದಿಲ್ಲ. ಉಡುಪಿ ಪೇಟೆಯಲ್ಲಿ ಇಂಥದ್ದು ಒಂದೇ ಇರುವುದಲ್ಲ, ಗೋಡೆ ತುಂಬ ಮಕ್ಕಳ ಫೋಟೋ ಅಂಟಿಸಿಕೊಂಡು ಕೂತಿರುತ್ತವೆ. ನಾನು ಬಾರ್ಕೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು, ಮನೆಯವರು ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ. ಮಗ ಸರಕಾರಿ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದಾಗ, 2024ರ ಜೂನ್‌ನಿಂದ ಜನವರಿ ತನಕ, ಪ್ರತಿ ಭಾನುವಾರ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಫೀಸು 8,500. ಪುಸ್ತಕಕ್ಕೆ ಬೇರೆ 600, ಅದನ್ನು ಸೇರುವಾಗ ಹೇಳಲಿಲ್ಲ. ದಾರಿಯಲ್ಲಿ ಸಂತೆಕಟ್ಟೆ ಹತ್ತಿರ ರಸ್ತೆ ಬ್ಲಾಕ್ ಆಗಿ ಹತ್ತು ನಿಮಿಷ ತಡವಾದರೆ ಮಾತ್ರ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು.

ಗೊತ್ತಿಲ್ಲದವರಿಗೆ ಒಂದು ಮಾತು. ನವೋದಯ ಅಂದರೆ ಕೇಂದ್ರ ಸರಕಾರದ ವಸತಿ ಶಾಲೆ. ನಮ್ಮ ಜಿಲ್ಲೆಯದ್ದು ಚೇರ್ಕಾಡಿಯಲ್ಲಿ, ದಕ್ಷಿಣ ಕನ್ನಡದ್ದು ಮುಡಿಪುವಿನಲ್ಲಿ. ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ಸೇರಬೇಕು, ಸೀಟು ಹೆಚ್ಚೆಂದರೆ 80. ಊಟ, ವಸತಿ, ಪುಸ್ತಕ, ಯೂನಿಫಾರ್ಮ್ ಎಲ್ಲ ಅವರದ್ದೇ. ಆರನೇ ಕ್ಲಾಸಿಗೆ ಒಂದು ಮಗು ಒಂದೇ ಸಲ ಬರೆಯಬಹುದು. ಕೋಚಿಂಗ್‌ನವರ ವ್ಯಾಪಾರ ನಡೆಯುವುದು ಈ ‘ಒಂದೇ ಸಲ’ ಎನ್ನುವ ಹೆದರಿಕೆಯ ಮೇಲೆ.

ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ, ಬುದ್ಧಿಶಕ್ತಿಯದ್ದು. ಎಲ್ಲ ಚಿತ್ರಗಳು. ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಗುಂಪಿಗೆ ಸೇರದ್ದು ಯಾವುದು, ಕಾಗದ ಮಡಚಿ ತೂತು ಮಾಡಿ ಬಿಡಿಸಿದರೆ ಹೇಗೆ ಕಾಣುತ್ತದೆ. ಇಂಥದ್ದಕ್ಕೆ ಸೆಂಟರ್‌ನವರು ಕೊಟ್ಟದ್ದು ಜೆರಾಕ್ಸಿನ ಜೆರಾಕ್ಸು. ಚಿತ್ರದ ಕಪ್ಪು ಚುಕ್ಕಿ ಯಾವುದು, ಮಿಷನ್ನಿನ ಮಸಿ ಯಾವುದು ಅಂತ ನನಗೇ ತಿಳಿಯಲಿಲ್ಲ, ಹತ್ತು ವರ್ಷದ ಹುಡುಗನಿಗೆ ಹೇಗೆ ತಿಳಿಯಬೇಕು? ಸರ್‌ಗೆ ಹೇಳಿದೆ. "ಟ್ರಿಕ್ ಬಾಯಿಪಾಠ ಮಾಡಿಸಿ ಮೇಡಂ, ಚಿತ್ರ ನೋಡುವುದೇ ಬೇಡ" ಅಂದರು.

ಮಗ ತೂತಿನ ಲೆಕ್ಕವನ್ನು ಆರು ವಾರ ತಪ್ಪು ಮಾಡಿದ. ಒಂದು ಸಂಜೆ ಅಂಗಡಿಯಲ್ಲಿ ನಾನು ಬ್ಲೌಸಿನ ಕುತ್ತಿಗೆಗೆ ಪೇಪರ್ ಕಟ್ಟಿಂಗ್ ಮಾಡುತ್ತಿದ್ದೆ. ಹಳೇ ಪೇಪರನ್ನು ಅರ್ಧ ಮಡಚಿ, ಮಡಿಕೆಯ ಬದಿಯಿಂದ ಅರ್ಧ ಆಕಾರ ಕತ್ತರಿಸಿ, ಬಿಡಿಸಿದರೆ ಪೂರ್ತಿ ಕುತ್ತಿಗೆ. ಅವನು ಅದನ್ನೇ ನೋಡುತ್ತ ನಿಂತ. ಒಂದು ತುಂಡು ತೆಗೆದುಕೊಂಡು ಮಡಚಿದ, ಮತ್ತೊಮ್ಮೆ ಮಡಚಿದ, ಕತ್ತರಿಯ ತುದಿಯಿಂದ ಚುಚ್ಚಿದ, ಬಿಡಿಸಿದ. "ಅಮ್ಮ, ಎರ್ಡ್ ಸಲ ಮಡ್ಚಿ ಒಂದ್ ತೂತ್ ಮಾಡ್ರೆ ನಾಕ್ ಆತ್ತಲೆ!" ಅಂದ. ಆಮೇಲೆ ಒಂದು ವಾರ ನನ್ನ ಅಂಗಡಿಯ ಪೇಪರೆಲ್ಲ ತೂತು. ಮೂಲೆಯಲ್ಲಿ ಚುಚ್ಚಿದ, ಮಡಿಕೆಯ ಮೇಲೆ ಚುಚ್ಚಿದ (ಆಗ ತೂತು ಕಡಿಮೆಯಾಗುತ್ತದೆ, ಪ್ರಶ್ನೆ ತೆಗೆಯುವವರು ಮಕ್ಕಳನ್ನು ಬೀಳಿಸುವ ಜಾಗ ಅದೇ), ಓರೆಯಾಗಿ ಮಡಚಿ ನೋಡಿದ. ಪರೀಕ್ಷೆಯಲ್ಲಿ ಬರುವ ನಾಲ್ಕು ತೂತಿನ ಪ್ರಶ್ನೆಗಳ ಚಿಂತೆ ಅಲ್ಲಿಗೆ ಮುಗಿಯಿತು. ಸೆಂಟರ್‌ನಲ್ಲಿ ಒಂದು ದಿನವೂ ಮಕ್ಕಳ ಕೈಗೆ ಒಂದು ಕಾಗದ ಕೊಟ್ಟದ್ದಿಲ್ಲ.

ಗಣಿತದ ಸರ್ ಮಾತ್ರ ಚೆನ್ನಾಗಿ ಹೇಳಿಕೊಡುತ್ತಿದ್ದರು. ನಾನು ಕೊಟ್ಟ ಎರಡು ಸ್ಟಾರೂ ಅವರಿಗೇ. ಭಿನ್ನರಾಶಿ, ಲ.ಸಾ.ಅ., ಲಾಭ-ನಷ್ಟ ಯಾವುದಕ್ಕೂ ಗಡಿಬಿಡಿ ಮಾಡಲಿಲ್ಲ, ತಪ್ಪಿದವನನ್ನು ಬೋರ್ಡಿಗೆ ಕರೆದು ಅವನ ಕೈಯಲ್ಲೇ ಸರಿ ಮಾಡಿಸುತ್ತಿದ್ದರು.

ಭಾಷೆಯದ್ದು ಕತೆಯೇ ಬೇರೆ. ನಾಲ್ಕು ಗದ್ಯ ಭಾಗ, ಒಂದೊಂದಕ್ಕೆ ಐದು ಪ್ರಶ್ನೆ, ಒಟ್ಟು 25 ಅಂಕ. ಕನ್ನಡದಲ್ಲಿ ಓದಿದ ಮಗುವಿಗೆ ಸುಮ್ಮನೆ ಬಾಚಿಕೊಳ್ಳಬಹುದಾದ ಅಂಕ ಇದು. ಆದರೆ ಬ್ಯಾಚಿನಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನವರು, ಹಾಗಾಗಿ ಅಭ್ಯಾಸವೂ ಇಂಗ್ಲಿಷಿನಲ್ಲೇ. ನನ್ನ ಮಗನಿಗೂ ಇನ್ನು ಮೂವರಿಗೂ "ನೀವು ಮನೆಯಲ್ಲಿ ಮಾಡಿಕೊಳ್ಳಿ, ಕನ್ನಡ ಸುಲಭ ಅಲ್ವಾ" ಅಂತ. ಅರ್ಧ ಗಂಟೆ ಸುಮ್ಮನೆ ಕೂತು ಬರುತ್ತಿದ್ದ. ಉತ್ತರದ ಗೋಲ ತುಂಬುವ ಓಎಂಆರ್ ಶೀಟನ್ನು ಜನವರಿ ಮೊದಲ ವಾರದವರೆಗೆ ತೋರಿಸಲೇ ಇಲ್ಲ. ಅಲ್ಲಿ ಬಾಲ್ ಪೆನ್ನಿನಲ್ಲಿ ಒಮ್ಮೆ ತುಂಬಿದರೆ ಅಳಿಸಲಿಕ್ಕಿಲ್ಲ.

ಬ್ಯಾಚಿನಲ್ಲಿ ಯಾರ ಮಕ್ಕಳಿದ್ದರು ಅನ್ನುವುದನ್ನೂ ಹೇಳಬೇಕು. ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ, ಅಂದರೆ 80ರಲ್ಲಿ 60. ಹುಡುಗಿಯರು ಮೂರನೇ ಒಂದು ಪಾಲಿಗೆ ಕಡಿಮೆ ಆಗುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಬೇರೆ ಮೀಸಲಾತಿ ಉಂಟು. ಹಳ್ಳಿಯ ಲೆಕ್ಕಕ್ಕೆ ಬರಬೇಕಾದರೆ ಮೂರು, ನಾಲ್ಕು, ಐದು ಮೂರೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿರಬೇಕು, ಒಂದು ದಿನ ಪೇಟೆ ಶಾಲೆಯಲ್ಲಿ ಕೂತರೂ ಪೇಟೆಯವನೇ. ಬಿಗಿ ನಿಯಮ ಅಂತ ನಾನು ಅಂದುಕೊಂಡಿದ್ದೆ. ಹೊರಗೆ ಬೆಂಚಿನಲ್ಲಿ ಕಾಯುವಾಗ ಮಣಿಪಾಲದ ಒಬ್ಬರು ಅಮ್ಮ ನಗುತ್ತಾ ಹೇಳಿದರು, "ಎರಡನೇ ಕ್ಲಾಸು ಮುಗಿದ ಕೂಡಲೇ ಪಂಚಾಯತ್ ಏರಿಯಾದ ಶಾಲೆಗೆ ಹಾಕಿದೆವು, ವ್ಯಾನ್ ಮನೆ ಬಾಗಿಲಿಗೇ ಬರ್ತದೆ." ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯೇ ಅದು, ಆದರೆ ನಿಂತದ್ದು ಹಳ್ಳಿಯ ಗದ್ದೆ ಬದಿಯಲ್ಲಿ. ನಿಯಮ ಮುರಿದಿಲ್ಲ. ನನ್ನ ಮಗನೂ ಅವರ ಮಗನೂ ಒಂದೇ ಹಳ್ಳಿ ಪಟ್ಟಿಯಲ್ಲಿ.

ಅವರ ಮೇಲೆ ನನಗೆ ಸಿಟ್ಟಿಲ್ಲ, ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಯಾರಿಗಿರುವುದಿಲ್ಲ. ಆದರೆ ನಮ್ಮ ಶಾಲೆಯ ಐದನೇ ಕ್ಲಾಸಿನಲ್ಲಿ ಬಾಗಲಕೋಟೆ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಎಷ್ಟೋ ಇದ್ದಾರೆ. ಕೋಚಿಂಗ್‌ನಲ್ಲಿ ಅವರ ಪೈಕಿ ಒಬ್ಬರೂ ಇರಲಿಲ್ಲ. ಭಾನುವಾರ ಅವರ ಅಪ್ಪ ಅಮ್ಮನಿಗೆ ಕೆಲಸ ಇರುತ್ತದೆ, 8,500 ಅಂತೂ ಕೇಳುವುದೇ ಬೇಡ.

ಇನ್ನೊಂದು ವಿಷಯವನ್ನೂ ಕೋಚಿಂಗ್‌ನವರು ಬಾಯಿ ಬಿಡುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷಕ್ಕೆ ಬೇರೆ ಭಾಷೆಯ ಜಿಲ್ಲೆಯ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ನನಗೆ ಇದು ಒಳ್ಳೆಯದೇ ಅನ್ನಿಸಿತು. ಮನೆಯವರು ಮಾತ್ರ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಗಂಜಿ-ಮೀನು ಬಿಟ್ಟು ಬೇರೇನೂ ತಿನ್ನದ ಹುಡುಗ ಅಲ್ಲಿ ರೊಟ್ಟಿ ತಿಂದು ಬದುಕುತ್ತಾನಾ ಅಂತ.

2025ರ ಜನವರಿ 18ಕ್ಕೆ ಪರೀಕ್ಷೆ ಆಯಿತು. ಮಾರ್ಚ್ ಕೊನೆಗೆ ಪಟ್ಟಿ ಬಂತು, ಮಗನ ನಂಬರ್ ಇರಲಿಲ್ಲ. ಅತ್ತ, ಎರಡು ದಿನಕ್ಕೆ ಮರೆತ. ನಾನು ಮರೆಯಲಿಲ್ಲ, ಆದರೆ ಈ ರಿವ್ಯೂ ಬರೆಯುತ್ತಿರುವುದು ಅದಕ್ಕಲ್ಲ. ಪರೀಕ್ಷೆ ಅಂದಮೇಲೆ ಸಿಗದೆಯೂ ಹೋಗುತ್ತದೆ.

ಬರೆಯುತ್ತಿರುವುದು ಜೂನ್‌ನಲ್ಲಿ ಬಂದ ಹೊಸ ಕರಪತ್ರಕ್ಕೆ. ನಮ್ಮ ಶಾಲೆಯಿಂದ ಒಬ್ಬಳು ಹುಡುಗಿಗೆ ಸೀಟು ಸಿಕ್ಕಿತ್ತು. ಅರ್ಜಿ ತುಂಬಿದ್ದು ಕ್ಲಾಸ್ ಟೀಚರ್, ಹಳೇ ಪ್ರಶ್ನೆಪತ್ರಿಕೆ ಮಾಡಿಸಿದ್ದೂ ಅವರೇ, ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂರಿಸಿ. ಡಿಸೆಂಬರಿನಲ್ಲಿ ಸೆಂಟರ್‌ನವರು ಎಲ್ಲರಿಗೂ ಉಚಿತ ಮಾಕ್ ಟೆಸ್ಟ್ ಇಟ್ಟಿದ್ದರು, ಅವಳೂ ಬರಲಿ ಅಂತ ನಾನೇ ಕರೆದುಕೊಂಡು ಹೋಗಿದ್ದೆ. ಫಾರ್ಮಿಗೆ ಒಂದು ಫೋಟೋ ಅಂಟಿಸಿಕೊಂಡಿದ್ದರು. ಅದೇ ಫೋಟೋ ಈಗ ಕರಪತ್ರದಲ್ಲಿ, ‘ನಮ್ಮ ಹೆಮ್ಮೆಯ ಸಾಧಕರು’ ಸಾಲಿನಲ್ಲಿ. ಹಾಸ್ಟೆಲಿಗೆ ಎರಡು ಚೂಡಿದಾರ ಹೊಲಿಸಲಿಕ್ಕೆ ಬಂದಿದ್ದ ಅವಳ ತಾಯಿ ನನ್ನ ಮೇಜಿನ ಮೇಲೆ ಅದನ್ನು ನೋಡಿ, "ಅಕ್ಕಾರ, ನಮ್ಮ ಹುಡುಗಿ ಫೋಟೋ ಇಲ್ಯಾಕ ಹಾಕ್ಯಾರ್ರೀ?" ಅಂದರು. ನನಗೆ ನಾಚಿಕೆಯಾಯಿತು.

ಸೆಂಟರ್‌ಗೆ ಫೋನ್ ಮಾಡಿದೆ. "ನಮ್ಮಲ್ಲಿ ಟೆಸ್ಟ್ ಬರೆದಿದ್ದಾಳಲ್ಲ ಮೇಡಂ" ಅಂದರು.

ಅದೇ ಕರಪತ್ರದ ಕೆಳಗೆ ದೊಡ್ಡಕ್ಷರದಲ್ಲಿ: 2025ರ ಸಿಬಿಎಸ್‌ಇ ಹತ್ತನೇ ಕ್ಲಾಸಿನಲ್ಲಿ ನವೋದಯಗಳಲ್ಲಿ ಪಾಸಾದವರು ಶೇ. 99.49, ಹನ್ನೆರಡರಲ್ಲಿ 99.29. ಸುಳ್ಳಲ್ಲ. ಇಡೀ ದೇಶದ್ದು 93.66 ಮತ್ತು 88.39. ಆದರೆ ಜಿಲ್ಲೆಯಿಡೀ ಸೋಸಿ ತೆಗೆದ 80 ಮಕ್ಕಳನ್ನು ಹಗಲೂ ರಾತ್ರಿ ಮೇಷ್ಟ್ರುಗಳ ಕಣ್ಣೆದುರಲ್ಲೇ ಇಟ್ಟುಕೊಂಡರೆ ಪಾಸಾಗದೆ ಇನ್ನೇನು? ಶಾಲೆಯನ್ನು ಹೀಯಾಳಿಸುತ್ತಿಲ್ಲ, ಆ ಅಂಕಿಗೂ ಕೋಚಿಂಗ್‌ನವರಿಗೂ ಸಂಬಂಧ ಏನು ಅಂತ ಕೇಳುತ್ತಿದ್ದೇನೆ. ಪಕ್ಕದಲ್ಲೇ ಇನ್ನೊಂದು ಸಾಲು: ‘ಸೀಟು ತಪ್ಪಿದರೆ ಭವಿಷ್ಯ ತಪ್ಪಿದಂತೆ.’ ಎಂತ ಮಾತು ಮಾರಾಯ್ರೇ ಇದು! ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ರಾಜ್ಯದ್ದು ಶೇ. 73.40 ಆದಾಗ ಉಡುಪಿ 94 ತೆಗೆದು ಮೊದಲ ಸ್ಥಾನ. 2025ರಲ್ಲಿ ದಕ್ಷಿಣ ಕನ್ನಡ 91.12, ನಾವು 89.96, ಎರಡನೆಯವರು. ಆ ಮಕ್ಕಳನ್ನು ಯಾರೂ ಸೋಸಿ ತೆಗೆದದ್ದಲ್ಲ, ಬಾಗಿಲಿಗೆ ಬಂದವರನ್ನೆಲ್ಲ ಸೇರಿಸಿಕೊಂಡ ಶಾಲೆಗಳವರೂ ಅದರಲ್ಲಿದ್ದಾರೆ. ನನ್ನ ಮಗ ಈಗ ಅಂಥದ್ದೇ ಶಾಲೆಯಲ್ಲಿ ಆರನೇ ಕ್ಲಾಸು.

ಸೇರಿಸಲೇಬೇಕು ಅಂತಿದ್ದರೆ ಮೊದಲು ಕೇಳಿಕೊಳ್ಳಿ: ಕನ್ನಡ ಗದ್ಯಕ್ಕೆ ಯಾರು ಕೂರುತ್ತಾರೆ, ಓಎಂಆರ್ ಯಾವ ತಿಂಗಳಿಂದ, ಗೋಡೆ ಮೇಲಿನ ಮಕ್ಕಳು ಎಷ್ಟು ತಿಂಗಳು ಬಂದಿದ್ದರು. ಗಣಿತದ ಸರ್ ಇನ್ನೂ ಇದ್ದಾರಾ ಅಂತಲೂ ಕೇಳಿ.

ಮೊನ್ನೆ ಸೆಂಟರ್‌ನವರದ್ದೇ ಫೋನು. ಮಗಳು ಮೂರನೇ ಕ್ಲಾಸಲ್ವಾ, ಫೌಂಡೇಶನ್ ಬ್ಯಾಚ್ ಶುರು ಮಾಡಿದ್ದೇವೆ, ಅಣ್ಣ ಬಂದಿದ್ದಕ್ಕೆ ಡಿಸ್ಕೌಂಟ್ ಉಂಟು ಅಂದರು. ಆ ಹುಡುಗಿಯ ಫೋಟೋ ತೆಗೆದಿರಾ ಅಂತ ಕೇಳಿದೆ. ಹೊಸ ಪ್ರಿಂಟಿನಲ್ಲಿ ತೆಗೆಯುತ್ತೇವೆ, ಹಳೆಯದು ಇನ್ನೂ ಎರಡು ಸಾವಿರ ಕಾಪಿ ಉಳಿದಿದೆ ಅಂದರು.