ಹಳೇ ನಿಕಾನ್ ಡಿ700 ಈಗ ಕೊಳ್ಳಬಹುದಾ?

ಎರಡು ವಾರ ತಲೆ ಕೆಡಿಸಿಕೊಂಡು ಕೊನೆಗೂ ಕೊಂಡೆ. 2008ರಲ್ಲಿ ಬಂದ ಫುಲ್ ಫ್ರೇಮ್ (ಹಳೇ 35 ಎಂಎಂ ಫಿಲ್ಮ್‌ನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ, 12.1 ಮೆಗಾಪಿಕ್ಸೆಲ್, ವಿಡಿಯೋ ಇಲ್ಲವೇ ಇಲ್ಲ. ಮದುವೆ ವಿಡಿಯೋ ಮಾಡುವವರಿಗೆ ಇದು ಬೇಡ, ಬಿಡಿ.

ಮೊದಲು ನೋಡಿದ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಮಾರುವವರು "ನಲವತ್ತು ಸಾವಿರ ಕ್ಲಿಕ್ ಅಷ್ಟೇ ಸಾರ್" ಅಂದರು. ಒಂದು ಫೋಟೋ ತೆಗೆದು ಅದರ ಎಕ್ಸಿಫ್ (ಫೋಟೋ ಫೈಲ್‌ನೊಳಗೆ ಕ್ಯಾಮೆರಾ ಬರೆದಿಡುವ ವಿವರ) ನೋಡಿದರೆ ಕ್ಲಿಕ್ ಲೆಕ್ಕ 1.3 ಲಕ್ಷ! ಈ ಮಾಡೆಲ್‌ನ ಶಟರ್ (ಪ್ರತಿ ಕ್ಲಿಕ್‌ಗೂ ತೆರೆದು ಮುಚ್ಚುವ ಪರದೆ) ಪರೀಕ್ಷೆಯಾಗಿರುವುದು 1.5 ಲಕ್ಷ ಕ್ಲಿಕ್‌ಗೆ. ಅದು ದಾಟಿದ ಮರುದಿನವೇ ಶಟರ್ ಸಾಯುತ್ತದೆ ಅಂತಲ್ಲ, ಆದರೆ ಸುಳ್ಳು ಹೇಳಿದವರ ಹತ್ತಿರ ಚೌಕಾಸಿ ಮಾಡಲು ಮನಸ್ಸಾಗಲಿಲ್ಲ, ಎದ್ದು ಬಂದೆ.

ಎರಡನೆಯದು ಸ್ವಲ್ಪ ಸವೆದಿತ್ತು, ಕ್ಲಿಕ್ ಕಡಿಮೆ. ಲೆನ್ಸ್ ಕಿಂಡಿಯನ್ನು ಎಫ್16ಕ್ಕೆ ಕಿರಿದು ಮಾಡಿ ಬಿಳಿ ಗೋಡೆಯ ಫೋಟೋ ತೆಗೆದೆ, ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಕಾರ್ಡ್ ಹಾಕುವ ಜಾಗಕ್ಕೆ ಮೊಬೈಲ್ ಟಾರ್ಚ್ ಬಿಟ್ಟು ಒಳಗಿನ ಪಿನ್ ಬಾಗಿಲ್ಲ ಅಂತ ನೋಡಿಕೊಂಡೆ. ಇದಕ್ಕೆ ಬೇಕಾಗಿರುವುದು ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಎಂಬ ಹಳೇ ಬಗೆಯ ಮೆಮೊರಿ ಕಾರ್ಡ್, ಲ್ಯಾಪ್‌ಟಾಪ್‌ಗೆ ಬೇರೆ ರೀಡರ್ ಖರ್ಚು ಬೇರೆ.

ಬಾಡಿಯೊಂದೇ ಹತ್ತಿರ ಹತ್ತಿರ ಒಂದು ಕೆಜಿ, ಇಡೀ ದಿನ ಕುತ್ತಿಗೆಗೆ ಹಾಕಿಕೊಂಡರೆ ಸಂಜೆಗೆ ಗೊತ್ತಾಗುತ್ತದೆ. ಆದರೆ ಬಾಡಿಯಲ್ಲೇ ಫೋಕಸ್ ಮೋಟರ್ ಇರುವುದರಿಂದ ಬೀರುವಿನಲ್ಲಿ ಸುಮ್ನೆ ಬಿದ್ದಿದ್ದ ಹಳೇ 50 ಎಂಎಂ ಎಎಫ್-ಡಿ (ತನ್ನದೇ ಫೋಕಸ್ ಮೋಟರ್ ಇಲ್ಲದ) ಲೆನ್ಸ್‌ಗೆ ಜೀವ ಬಂತು. ದೀಪದ ಬೆಳಕಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200ಕ್ಕೆ ಏರಿಸಿ ತೆಗೆದ ಅಜ್ಜಿಯ ಮುಖ ನೋಡಿದ ಮೇಲೆ ಮೆಗಾಪಿಕ್ಸೆಲ್ ಲೆಕ್ಕ ಮರೆತೇ ಹೋಯಿತು.